ತಕ್ಕಡಿಗೆ ಒಂದು ದಿನ ರಜೆ

ಜಲಜಾಕ್ಷಿಗೆ ಆರು ವರ್ಷಗಳಿಂದ ಹಬ್ಬದ ರಜೆ ಇರಲಿಲ್ಲ. ಅವಳೊಬ್ಬಳಿಗೇ ಅಲ್ಲ. ಪಡುವಣ ಗಣರಾಜ್ಯದ ಬಂದರು, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆ, ರೈಲು, ರಾಡಾರ್, ಇವುಗಳಲ್ಲಿ ದುಡಿಯುವ ಯಾರಿಗೂ ಇರಲಿಲ್ಲ. ಪಾಳಿ ಇತ್ತು, ವಾರದ ಬಿಡುವಿತ್ತು. ಆದರೆ ಎಲ್ಲರೂ ಒಟ್ಟಿಗೆ ಕೈ ತೊಳೆದುಕೊಂಡು ಮನೆಗೆ ಹೋಗುವ ದಿನ ಒಂದೂ ಇರಲಿಲ್ಲ. ದೀಪಾವಳಿಯಂದು ಕ್ರೇನುಗಳು ಓಡುತ್ತಿದ್ದವು, ಈದ್ ದಿನ ಕುಲುಮೆ ಉರಿಯುತ್ತಿತ್ತು, ಕ್ರಿಸ್‌ಮಸ್ ದಿನ ಹಡಗಿಗೆ ಲೋಹ ತುಂಬುತ್ತಿದ್ದರು. ನಿಲ್ಲಿಸಿದರೆ ಮುಳ್ಳು ಅಲುಗುತ್ತದೆ ಎಂದು ಸರಕಾರ ಹೇಳಿತ್ತು.

ಮುಳ್ಳು ಎಂದರೆ ತಕ್ಕಡಿಯ ಮುಳ್ಳು. ತಕ್ಕಡಿ ಎಂಬುದು ಊರ ಹೊರಗಿನ ಗುಡ್ಡವನ್ನು ಕೊರೆದು ಒಳಗೆ ಕೂರಿಸಿದ ಯಂತ್ರ. ಅದಕ್ಕೊಂದು ಉದ್ದದ ಸರಕಾರಿ ಹೆಸರಿತ್ತು, ಯಾರೂ ಬಳಸುತ್ತಿರಲಿಲ್ಲ. ಉಪಗ್ರಹಗಳು ಕಡಲಾಚೆಯ ದ್ವೀಪಕೂಟದ ಮೇಲೆ ಹಾದು ಹೋಗುವಾಗ ಅಲ್ಲಿನ ಕಾರ್ಖಾನೆಗಳ ಶಾಖ, ಹಡಗುಗಳ ಓಡಾಟ, ಬೀದಿದೀಪಗಳ ಬೆಳಕು, ರೇಡಿಯೋ ಗದ್ದಲ ಎಲ್ಲವನ್ನೂ ಹಿಡಿದು ಕಳಿಸುತ್ತಿದ್ದವು. ತಕ್ಕಡಿ ಅವನ್ನೆಲ್ಲ ತೂಗುತ್ತಿತ್ತು. ಅದರ ಪರದೆಯ ಮೇಲೆ ಎರಡು ತಟ್ಟೆ. ಒಂದರಲ್ಲಿ, ದ್ವೀಪಕೂಟದ ಜೊತೆ ಈಗಲೇ ಯುದ್ಧವಾದರೆ ನಮಗಾಗುವ ನಷ್ಟ. ಇನ್ನೊಂದರಲ್ಲಿ, ಯುದ್ಧ ಮುಂದೆ ಯಾವಾಗಲೋ ಆದರೆ ಆಗುವ ನಷ್ಟ. ನಡುವೆ ಮುಳ್ಳು. 'ಈಗ' ಎಂಬ ತಟ್ಟೆ ಹಗುರವಾಗುತ್ತ ಬಂದರೆ ಮುಳ್ಳು ಇಳಿಯುತ್ತಿತ್ತು, ಕೆಂಪು ಗೆರೆ ತಲುಪಿದರೆ ಯುದ್ಧಮಂತ್ರಿಯ ಮೇಜಿನ ಗಂಟೆ ಮೊಳಗುತ್ತಿತ್ತು. ಯುದ್ಧವೇ ಆಗದಿದ್ದರೆ ಏನು ಎಂಬುದಕ್ಕೆ ತಟ್ಟೆ ಇರಲಿಲ್ಲ. ಅದನ್ನು ಕಟ್ಟಿದವರನ್ನು ಯಾರೋ ಕೇಳಿದಾಗ, ಅದನ್ನು ತೂಗಲು ಬೇಕಾದ ಮಾಹಿತಿ ಎಲ್ಲಿಯೂ ಸಿಗುವುದಿಲ್ಲ ಎಂದಿದ್ದರು.

ದ್ವೀಪಕೂಟದವರ ಹತ್ತಿರವೂ ಇಂಥದೇ ಯಂತ್ರವಿತ್ತು. ಅದು ನಮ್ಮನ್ನು ತೂಗುತ್ತಿತ್ತು.

ಜನ ಇದಕ್ಕೆ ಹೊಂದಿಕೊಂಡಿದ್ದರು. ವಾರ್ತೆಯಲ್ಲಿ ಹವಾಮಾನದ ನಂತರ ಮುಳ್ಳಿನ ಸ್ಥಿತಿ ಹೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು "ಇವತ್ತು ಎಷ್ಟುಂಟಂತೆ?" ಎಂದು ಕೇಳಿದರೆ ಅದು ಬಿಸಿಲಿನ ಬಗ್ಗೆ ಅಲ್ಲ. ಮುಳ್ಳು ಇಳಿದ ವಾರ ಅಂಗಡಿಗಳಲ್ಲಿ ಕುಚಲಕ್ಕಿ ಖಾಲಿಯಾಗುತ್ತಿತ್ತು. ಬಂದರಿನ ಹುಡುಗರಿಗೆ ಹೆಣ್ಣು ಕೊಡಲು ಜನ ಹಿಂಜರಿಯುತ್ತಿದ್ದರು. ಯುದ್ಧವಾದರೆ ಮೊದಲು ಬೀಳುವುದು ಬಂದರು ಎಂಬುದು ಎಲ್ಲರಿಗೂ ಗೊತ್ತಿತ್ತು.

ಜಲಜಾಕ್ಷಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಗುಡ್ಡದೊಳಗಿನ ನಿಯಂತ್ರಣ ಕೊಠಡಿಯಲ್ಲಿ ತಕ್ಕಡಿಯ ಎದುರು ಕೂರುವ ಎಂಜಿನಿಯರು. ಅವಳ ತಮ್ಮ ತಾರಾನಾಥ ಬಂದರಿನ ಏಳನೇ ಕ್ರೇನು ಓಡಿಸುತ್ತಿದ್ದ. ಅವನನ್ನು ಬೇರೆ ಕೆಲಸಕ್ಕೆ ಹಾಕಿಸಲು ಅವಳು ನೋಡಿದ್ದಳು. "ಅಷ್ಟು ಎತ್ತರದಲ್ಲಿ ಕೂತು ಅಭ್ಯಾಸ ಆಗಿದೆ ಅಕ್ಕ, ಕೆಳಗೆ ಕೂತ್ರೆ ನಿದ್ದೆ ಬರ್ತದೆ" ಎಂದು ಅವನು ನಕ್ಕು ತಳ್ಳಿಹಾಕಿದ್ದ.

ನಿಯಂತ್ರಣ ಕೊಠಡಿಯಲ್ಲಿ ಇನ್ನೊಂದು ವಸ್ತುವಿತ್ತು. ಬಿಳಿ ಬಣ್ಣದ ಫೋನು. ಅದು ನೇರ ದ್ವೀಪಕೂಟದ ನಿಯಂತ್ರಣ ಕೊಠಡಿಗೆ ಹೋಗುತ್ತಿತ್ತು. ದಿನಕ್ಕೊಂದು ಸಲ ಆ ಕಡೆಯವರು ಕರೆ ಮಾಡಿ ತಂತಿ ಸರಿಯಿದೆಯೇ ಎಂದು ನೋಡಬೇಕು. ಒಪ್ಪಂದದ ಪ್ರಕಾರ ಅವರು ನಮ್ಮ ಭಾಷೆಯಲ್ಲಿ, ನಾವು ಅವರ ಭಾಷೆಯಲ್ಲಿ, ನಿಗದಿಯಾದ ಎರಡು ವಾಕ್ಯ ಹೇಳಬೇಕು. ಅದಕ್ಕಿಂತ ಹೆಚ್ಚು ಮಾತಾಡುವಂತಿಲ್ಲ. ಆ ಕಡೆ ಯಾವಾಗಲೂ ಒಬ್ಬಳು ಹೆಂಗಸು.

"ನಮಸ್ಕಾರ. ತಂತಿಯು ಸ್ಪಷ್ಟವಾಗಿದೆ. ನಿಮಗೆ ನನ್ನ ಧ್ವನಿಯು ಕೇಳಿಸುತ್ತಿದೆಯೆ?"

ಪಠ್ಯಪುಸ್ತಕದಿಂದ ಎದ್ದು ಬಂದಂಥ ಕನ್ನಡ. ಪಕ್ಕದ ಮೇಜಿನ ಮೆಲ್ವಿನ್ ಅವಳಿಗೆ ಟೀಚರ್ ಎಂದು ಹೆಸರಿಟ್ಟಿದ್ದ. ಒಮ್ಮೆ ಟೀಚರಿಗೆ ಕೆಮ್ಮು ಬಂದು ವಾಕ್ಯ ಅರ್ಧಕ್ಕೆ ನಿಂತಿತ್ತು. ಆ ದಿನ ಎರಡೂ ಕಡೆ ಮೇಲಧಿಕಾರಿಗಳು ಆ ಕೆಮ್ಮಿನ ಬಗ್ಗೆ ವಿವರಣೆ ಕೇಳಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಬಂದರಿನಲ್ಲಿ ಮೂರನೇ ಕ್ರೇನಿನ ಉಕ್ಕಿನ ಹಗ್ಗ ತುಂಡಾಗಿ ಹಮೀದ್ ಎಂಬ ಕೆಲಸಗಾರ ಸತ್ತ. ಹಗ್ಗ ಬದಲಿಸಲು ಕ್ರೇನು ನಿಲ್ಲಿಸಬೇಕಿತ್ತು, ನಿಲ್ಲಿಸಲು ಅನುಮತಿ ಇರಲಿಲ್ಲ. ಆ ಸಂಜೆ ತಾರಾನಾಥ ಮನೆಗೆ ಬಂದು ಊಟದ ತಟ್ಟೆ ಪಕ್ಕಕ್ಕೆ ಸರಿಸಿದ.

"ಅಕ್ಕ, ನಿನ್ನ ಧಣಿಗೆ ಹೇಳು. ಈ ಸಲ ಆಯುಧಪೂಜೆ ಆಗದಿದ್ರೆ ನಾವು ಯಾರೂ ಕ್ರೇನು ಹತ್ತುದಿಲ್ಲ."

"ಧಣಿ ಅಲ್ಲ ಮಾರಾಯ, ಡೈರೆಕ್ಟರ್."

"ಎಂತದೋ ಒಂದು. ಆರು ವರ್ಷದಿಂದ ಆ ಕಬ್ಬಿಣಕ್ಕೆ ಒಂದು ದಿನ ರೆಸ್ಟ್ ಇಲ್ಲ. ಪೂಜೆ ಅಂದ್ರೆ ಬರೀ ಹೂ ಹಾಕುದಾ? ಯಂತ್ರ ಆಫ್ ಮಾಡ್ಬೇಕು, ತೊಳೀಬೇಕು, ಆ ದಿನ ಮುಟ್ಟಬಾರದು. ತೊಳೆವಾಗ ಹಗ್ಗ ಸವೆದದ್ದು ಕಾಣ್ತಿತ್ತು. ಹಮೀದ್ ಸಾಯ್ತಿರಲಿಲ್ಲ."

ಅವರ ತಾಯಿ ಗುಲಾಬಿ ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಮೀನು ಮಾರಿದವಳು. ಸಾರಿನ ಪಾತ್ರೆ ಮುಂದಿಟ್ಟುಕೊಂಡು ಕೇಳಿದಳು, "ಅಲ್ಲ, ನಮಗೂ ಆ ದ್ವೀಪದವರಿಗೂ ಎಂತ ಜಗಳ? ಸರೀ ಹೇಳು ಜಲಜ, ನೀನು ಓದಿದವಳಲ್ವಾ."

"ಸಮುದ್ರದಡಿಯ ಲೋಹ ಅಮ್ಮ. ಮೊದಲು ಅದನ್ನ ತೆಗೀಲಿಕ್ಕೆ ಅವರಿಗೆ ಮಾತ್ರ ಗೊತ್ತಿತ್ತು. ಈಗ ನಮಗೂ ಗೊತ್ತುಂಟು. ವರ್ಷ ವರ್ಷ ಜಾಸ್ತಿ ತೆಗೀತೇವೆ. ಹೀಗೇ ಹೋದ್ರೆ ಅವರಿಗಿಂತ ದೊಡ್ಡವರಾಗ್ತೇವೆ."

"ಆಗ್ಲಿ. ಅದಕ್ಕೆ ಜಗಳ ಎಂತಕ್ಕೆ?"

"ದೊಡ್ಡವರಾದ ಮೇಲೆ ನಾವು ಎಂತ ಮಾಡ್ತೇವೆ ಅಂತ ಅವರಿಗೆ ಹೆದರಿಕೆ. ಅವರು ಹೆದರಿ ಈಗಲೇ ಹೊಡೀತಾರೆ ಅಂತ ನಮಗೆ ಹೆದರಿಕೆ. ಅದಕ್ಕೆ ನಾವು ಇನ್ನೂ ಬೇಗ ದೊಡ್ಡವರಾಗ್ಲಿಕ್ಕೆ ನೋಡ್ತೇವೆ. ಅದನ್ನ ನೋಡಿ ಅವರು ಇನ್ನೂ ಹೆದರ್ತಾರೆ."

ಗುಲಾಬಿ ಸಾರಿಗೆ ಸೌಟು ಹಾಕಿದಳು. "ಕಲ್ಯಾಣಿ ಹೊಸತಾಗಿ ಮಾರ್ಕೆಟ್ಟಿಗೆ ಬಂದಾಗ ನಾನು ಅವಳ ಬುಟ್ಟಿ ಮೋರಿಗೆ ಒದ್ದಿದ್ದೆ."

"ಅವಳು ಎಂತ ಮಾಡಿದ್ಲು?" ಎಂದ ತಾರಾನಾಥ.

"ಎಂತ ಇಲ್ಲ ಪಾಪ. ಗಿರಾಕಿಗಳ ಹತ್ರ ಚಂದ ಮಾತಾಡ್ತಿದ್ಲು. ಇನ್ನೊಂದು ಮಳೆಗಾಲ ಬಿಟ್ರೆ ನನ್ನ ಜಾಗ ಅವಳಿಗೆ ಹೋಗ್ತದೆ ಅಂತ ನನಗೆ ಕಂಡಿತು."

"ಮತ್ತೆ?"

"ಮತ್ತೆಂತ, ಅವಳ ಗಂಡ ಬಂದು ನನ್ನ ಬುಟ್ಟಿ ಒದ್ದ. ಆ ದಿನ ಇಬ್ಬರಿಗೂ ವ್ಯಾಪಾರ ಇಲ್ಲ. ಬಂಗುಡೆ ಎಲ್ಲ ಬೆಕ್ಕಿಗೆ."

ತಾರಾನಾಥ ಬಿದ್ದು ಬಿದ್ದು ನಕ್ಕ. "ಅಮ್ಮನನ್ನ ಯುದ್ಧಮಂತ್ರಿ ಮಾಡ್ಬೇಕು ಅಕ್ಕ. ಯುದ್ಧ ಮೀನಿನ ಖರ್ಚಿನಲ್ಲೇ ಮುಗೀತದೆ."

ಜಲಜಾಕ್ಷಿ ನಗಲಿಲ್ಲ. ಅಂದು ಮಧ್ಯಾಹ್ನ ಮುಳ್ಳು ಮೊದಲಿಗಿಂತ ಕೆಳಗಿತ್ತು.

ಡೈರೆಕ್ಟರ್ ಭುಜಂಗ ರಾವ್ ಮೈಸೂರು ಕಡೆಯವರು. ದೇವರು ದಿಂಡರು ಎಂದರೆ ಮುಖ ಸಿಂಡರಿಸುವ ಮನುಷ್ಯ. ಆದರೂ ಅವರು ಬೇಡ ಎನ್ನಲಿಲ್ಲ. ಮುಷ್ಕರವಾದರೆ ಬಂದರು ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು, ಪೂಜೆಯಾದರೆ ಒಂದೇ ದಿನ. ಸಚಿವಾಲಯದವರು ಇನ್ನೂ ಮುಂದೆ ಹೋದರು. ಬಂದರಿಗೆ ಕೊಟ್ಟರೆ ಕುಲುಮೆಯವರು ಸುಮ್ಮನಿರುವುದಿಲ್ಲ, ರೈಲಿನವರೂ ಕೇಳುತ್ತಾರೆ. ಕೊಡುವುದಾದರೆ ಎಲ್ಲರಿಗೂ ಒಂದೇ ದಿನ ಕೊಟ್ಟು ಮುಗಿಸೋಣ ಎಂದು ತೀರ್ಮಾನವಾಯಿತು. ರಾಡಾರಿನವರಿಗೂ. ತಕ್ಕಡಿಗೂ.

ಆದೇಶ ಬಂದ ದಿನ ಜಲಜಾಕ್ಷಿ ಡೈರೆಕ್ಟರರ ಕೋಣೆಗೆ ಹೋದಳು.

"ಸರ್, ದ್ವೀಪಕೂಟದ ಯಂತ್ರಕ್ಕೆ ಆಯುಧಪೂಜೆ ಗೊತ್ತಿಲ್ಲ."

"ಯಂತ್ರಕ್ಕೆ ಯಾವ ಪೂಜೆ ಗೊತ್ತಿರತ್ತೆ ಹೇಳಿ?"

"ಹಾಗಲ್ಲ ಸರ್. ಅದು ಕಲಿತದ್ದೆಲ್ಲ ಈ ಆರು ವರ್ಷದ್ದು. ಈ ಆರು ವರ್ಷದಲ್ಲಿ ನಾವು ಒಂದು ದಿನವೂ ನಿಲ್ಲಿಸಿಲ್ಲ. ನಾಡಿದ್ದು ಒಮ್ಮೆಲೇ ಕುಲುಮೆ ತಣ್ಣಗಾಗ್ತದೆ, ರೈಲು ನಿಲ್ತದೆ, ರಾಡಾರ್ ಮೌನ. ಒಂದು ದೇಶ ಹಾಗೆ ಉಸಿರು ಬಿಗಿ ಹಿಡಿಯುದು ಯಾವಾಗ ಅಂತ ಅದು ಲೆಕ್ಕ ಹಾಕ್ತದೆ. ಹೊಡೆಯುವ ಮೊದಲು ಅಂತ ಉತ್ತರ ಬರ್ತದೆ. ನಮ್ಮ ತಕ್ಕಡಿಯೂ ಅದನ್ನೇ ಹೇಳ್ತಿತ್ತು. ಒಂದು ಮಾತು ಫೋನಿನಲ್ಲಿ ತಿಳಿಸುವ ಸರ್, ಹಬ್ಬ ಅಂತ."

ಭುಜಂಗ ರಾವ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರೀ ಜಲಜಾಕ್ಷಿ, ಮನೆಗೆ ಬೀಗ ಹಾಕಿಲ್ಲ ಅಂತ ಬೀದೀಲಿ ನಿಂತು ಕೂಗ್ತೀರೇನು? ನಾಡಿದ್ದು ನಮಗೆ ಕಣ್ಣಿಲ್ಲ. ಅದನ್ನ ಶತ್ರುಗೆ ನಾವೇ ಹೇಳೋದಾ? ಅವರಲ್ಲೂ ಮನುಷ್ಯರಿದ್ದಾರೆ, ಒಂದು ದಿನದ ಮೌನಕ್ಕೆ ಯಾರೂ ಯುದ್ಧ ಶುರು ಮಾಡಲ್ಲ."

"ಹಾಗಾದ್ರೆ ಹೇಳಿದ್ರೆ ಏನು ಸರ್?"

"ಹೇಳಿದ್ರೆ ಹೇಳಿದೋರು ಜೈಲಿಗೆ ಹೋಗ್ತಾರೆ. ಅಷ್ಟೆ."

ಮರುದಿನ ಬಿಳಿ ಫೋನು ಎಂದಿನಂತೆ ರಿಂಗಾಯಿತು. ಮೆಲ್ವಿನ್ ಚಹಾಕ್ಕೆ ಹೋಗಿದ್ದ, ಕೊಠಡಿಯಲ್ಲಿ ಅವಳೊಬ್ಬಳೇ. ಟೀಚರ್ ತನ್ನ ಎರಡು ವಾಕ್ಯ ಹೇಳಿದಳು. ಜಲಜಾಕ್ಷಿ ತನ್ನ ಎರಡು ವಾಕ್ಯ ಹೇಳಿದಳು. ನಂತರ ಕನ್ನಡದಲ್ಲಿ, ಆದಷ್ಟು ಸ್ಪಷ್ಟವಾಗಿ ಹೇಳಿದಳು.

"ನಾಳೆ ನಮ್ಮಲ್ಲಿ ಹಬ್ಬ. ಯಂತ್ರಗಳಿಗೆಲ್ಲ ರಜೆ. ಬೇರೆ ಏನೂ ಇಲ್ಲ. ಹಬ್ಬ, ಅಷ್ಟೆ."



"ಈ ವಾಕ್ಯವು ನನ್ನ ಪಾಠದಲ್ಲಿ ಇಲ್ಲ" ಎಂದಳು ಟೀಚರ್. "ಆದರೆ ಅರ್ಥವಾಯಿತು. ನನ್ನ ಅಜ್ಜಿಯು ಹೊಲಿಗೆ ಯಂತ್ರಕ್ಕೆ ವರುಷಕ್ಕೊಮ್ಮೆ ಹೂವನ್ನು ಇಡುತ್ತಿದ್ದಳು. ನಿಮ್ಮ ಕರಾವಳಿಯಿಂದ ಬಂದವಳು. ನಾನು ಇದನ್ನು ಮೇಲಿನವರಿಗೆ ತಿಳಿಸುತ್ತೇನೆ."

ಜಲಜಾಕ್ಷಿ ಫೋನು ಇಟ್ಟಳು. ಆ ರಾತ್ರಿ, ಆರು ವರ್ಷಗಳಲ್ಲಿ ಮೊದಲ ಸಲ, ಅವಳಿಗೆ ಹೊಟ್ಟೆತುಂಬ ಉಣ್ಣಲಾಯಿತು.

ಆಯುಧಪೂಜೆಯ ಬೆಳಗ್ಗೆ ಊರಿಗೆ ಊರೇ ನಿಶ್ಶಬ್ದವಾಯಿತು. ಬಂದರಿನ ಗಡಗಡ ಕೇಳದೆ ಮಕ್ಕಳು ಎದ್ದು ಅತ್ತವು. ಗುಲಾಬಿ ಅಂಗಳಕ್ಕೆ ಬಂದು "ಕಿವಿ ಹೋಯ್ತಾ ಅಂತ ಎಣಿಸಿದೆ" ಎಂದಳು. ತಾರಾನಾಥ ಹೊಸ ಅಂಗಿ ಹಾಕಿ, ಏಳನೇ ಕ್ರೇನಿಗೆಂದು ಮಾರುದ್ದದ ಸೇವಂತಿಗೆ ಮಾಲೆಯನ್ನು ಬೈಕಿನ ಹ್ಯಾಂಡಲ್ಲಿಗೆ ಸುತ್ತಿಕೊಂಡು ಹೋದ.

ಗುಡ್ಡದೊಳಗೆ ತಕ್ಕಡಿಯ ಪರದೆ ಆರಿತ್ತು. ಅದಕ್ಕೆ ಮಾವಿನೆಲೆಯ ತೋರಣ ಕಟ್ಟಿ, ನಡುವೆ ಕುಂಕುಮ ಇಟ್ಟಿದ್ದರು. ಮೆಲ್ವಿನ್ ಎಲ್ಲರಿಗೂ ಪಂಚಕಜ್ಜಾಯ ಹಂಚುತ್ತಿದ್ದ. ಭುಜಂಗ ರಾವ್ ಕೂಡ ಎಲ್ಲರ ಒತ್ತಾಯಕ್ಕೆ ಬಾಗಿಲಲ್ಲಿ ಬೂದುಗುಂಬಳ ಒಡೆದು, ಪ್ಯಾಂಟಿಗೆ ತಾಗಿದ ಕೆಂಪು ಒರೆಸಿಕೊಳ್ಳುತ್ತಿದ್ದರು. ಬಿಳಿ ಫೋನಿಗೂ ಯಾರೋ ಕುಂಕುಮ ಹಚ್ಚಿದ್ದರು. ಅದನ್ನು ಮಾತ್ರ ಆರಿಸುವಂತಿರಲಿಲ್ಲ.

ಅದು ರಿಂಗಾಯಿತು. ಕರೆಯ ಹೊತ್ತು ಅದಾಗಿರಲಿಲ್ಲ.

ಎಲ್ಲರೂ ನಿಂತಲ್ಲೇ ನಿಂತರು. ಜಲಜಾಕ್ಷಿ ಎತ್ತಿದಳು. ಧ್ವನಿ ಕೊಠಡಿಗೆಲ್ಲ ಕೇಳಿಸುತ್ತಿತ್ತು.

"ಕ್ಷಮಿಸಿರಿ. ಇದು ಪರೀಕ್ಷೆಯ ಕರೆ ಅಲ್ಲ. ನಿಮ್ಮ ಯಂತ್ರಗಳನ್ನು ನಡೆಸಿರಿ. ಒಂದೊಂದಾಗಿ ನಡೆಸಿರಿ. ಎಲ್ಲವನ್ನೂ ಒಟ್ಟಿಗೆ ಬೇಡ."

"ಹಬ್ಬ ಅಂತ ಹೇಳಿದ್ದೆ ಅಲ್ವಾ ನಿಮಗೆ?"

"ನಾನು ತಿಳಿಸಿದೆ. ಅವರು ನಂಬಿದರು. ಆದರೆ ಮುಳ್ಳು ಇಳಿಯುತ್ತಿದೆ. ಮುಳ್ಳು ಇಳಿಯುವಾಗ, ನಾನು ನಂಬಿದ್ದೆ ಎಂದು ಹೇಳಲು ಇಲ್ಲಿ ಯಾರಿಗೂ ಧೈರ್ಯವಿಲ್ಲ. ದಯವಿಟ್ಟು ದಿನದ ಕೆಲಸದಂತೆ ಏನನ್ನಾದರೂ..."

ತಂತಿ ಕಡಿದುಹೋಯಿತು.

ಭುಜಂಗ ರಾವ್ ಫೋನನ್ನು ನೋಡಲಿಲ್ಲ, ಜಲಜಾಕ್ಷಿಯನ್ನು ನೋಡಿದರು. "ಹಬ್ಬ ಅಂತ ಹೇಳಿದ್ದೆ ಅಂದ್ರಲ್ಲ. ಯಾವಾಗ ಹೇಳಿದ್ರಿ?"

"ನಿನ್ನೆ. ಸರ್, ಅದು ಆಮೇಲೆ. ಈಗ ಒಂದು ಕುಲುಮೆ, ಒಂದೆರಡು ರೈಲು ಶುರು ಮಾಡ್ಲಿಕ್ಕೆ ಹೇಳಿ. ನಿಧಾನಕ್ಕೆ."

"ಅಂದ್ರೆ ನಿನ್ನೆಯಿಂದ ಅವರಿಗೆ ಗೊತ್ತು. ನಮ್ಮ ಕಣ್ಣು ಮುಚ್ಚಿದೆ ಅಂತ ನಿನ್ನೆಯಿಂದ ಗೊತ್ತು." ಅವರು ಬಾಗಿಲತ್ತ ತಿರುಗಿದರು. "ನಿಧಾನಕ್ಕೆ ಅಂತ ಶತ್ರು ಹೇಳಿದ್ರೆ ನಿಧಾನ ಮಾಡ್ಬೇಕೇನ್ರೀ?"

ಅವರು ಸಚಿವಾಲಯದ ಫೋನಿಗೆ ಓಡಿದರು. ಮೆಲ್ವಿನ್ ತಕ್ಕಡಿಯ ತೋರಣ ಕಿತ್ತು ಗುಂಡಿ ಒತ್ತಿದ. ಅಷ್ಟು ದೊಡ್ಡ ಯಂತ್ರ ಏಳಲು ಹೊತ್ತು ಬೇಕಿತ್ತು.

ಜಲಜಾಕ್ಷಿ ತನ್ನ ಮೊಬೈಲಿನಲ್ಲಿ ತಮ್ಮನಿಗೆ ಕರೆ ಮಾಡಿದಳು. ಚೆಂಡೆಯ ಸದ್ದಿನ ನಡುವೆ ಅವನ ಧ್ವನಿ.

"ಅಕ್ಕಾ! ಎಂತ ಗಮ್ಮತ್ತು ಗೊತ್ತುಂಟಾ ಇಲ್ಲಿ!"

"ತಾರ, ಕ್ರೇನು ಹತ್ತು. ಓಡಿಸು."

"ಹುಚ್ಚಾ ನಿನಗೆ? ಭಟ್ರು ಇನ್ನೂ ಆರತಿ ಎತ್ತಿಲ್ಲ. ಈಗ ಮುಟ್ಟಿದ್ರೆ ಕುಂಬಳಕಾಯಿ ಬದಲು ನನ್ನ ತಲೆ ಒಡೀತಾರೆ."

"ಒಡೀಲಿ. ಹತ್ತು ಮಾರಾಯ. ಮೇಲಿಂದ ನೋಡ್ತಿದ್ದಾರೆ. ಎಲ್ಲ ನಿಂತದ್ದು ನೋಡಿ ಹೆದರಿದ್ದಾರೆ. ಒಂದು ಕ್ರೇನಾದ್ರೂ ಕೆಲಸ ಮಾಡುದು ಅವರಿಗೆ ಕಾಣ್ಬೇಕು."

ಚೆಂಡೆಯ ಸದ್ದು ಕೇಳುತ್ತಲೇ ಇತ್ತು. ಅವನು ನಗುವುದನ್ನು ನಿಲ್ಲಿಸಿದ್ದ.

"ಹೂ ಕಟ್ಟಿದ್ದೇವಲ್ಲ ಅಕ್ಕ."

"ಹೂ ಸಮೇತ ಓಡಿಸು."

"ಆಯ್ತು. ಇಡು. ಎರಡು ಕೈ ಬೇಕು ಏಣಿಗೆ."

ಏಳನೇ ಕ್ರೇನು ಸೇವಂತಿಗೆ ಮಾಲೆ ತೂಗಾಡಿಸಿಕೊಂಡು ಒಂದು ಖಾಲಿ ಪೆಟ್ಟಿಗೆಯನ್ನು ಎತ್ತಿತು. ಕೆಳಗಿದ್ದವರು ಬೈದರು, ಒಬ್ಬಿಬ್ಬರು ತೆಂಗಿನಕಾಯಿಯ ಚೂರು ಎಸೆದರು. ಅವನು ಪೆಟ್ಟಿಗೆಯನ್ನು ಆ ಕಡೆ ಇಟ್ಟ. ಮತ್ತೆ ಎತ್ತಿ ಈ ಕಡೆ ಇಟ್ಟ. ದಿನದ ಕೆಲಸದ ಹಾಗೆ.

ಆಗ ಸಚಿವಾಲಯದ ಆದೇಶ ಹೊರಬಿತ್ತು. ಶತ್ರುವಿಗೆ ನಮ್ಮ ಕಣ್ಣು ಮುಚ್ಚಿದ್ದು ಗೊತ್ತಾಗಿದೆ, ಎಲ್ಲವನ್ನೂ ಕೂಡಲೇ ಚಾಲೂ ಮಾಡಿ. ಮೊದಲು ಚಾಲೂ ಆದದ್ದು ಕುಲುಮೆಯಲ್ಲ, ರೈಲೂ ಅಲ್ಲ. ಅವು ಬಿಸಿಯಾಗಲು ತಡ. ಬೇಗ ಎದ್ದದ್ದು ರಾಡಾರುಗಳು, ಯುದ್ಧನೌಕೆಗಳ ಎಂಜಿನುಗಳು, ಕ್ಷಿಪಣಿ ಠಾಣೆಗಳು. ಕರಾವಳಿಯ ಉದ್ದಕ್ಕೂ, ಒಟ್ಟಿಗೆ.

ತಕ್ಕಡಿ ಕಣ್ಣು ಬಿಡುವಷ್ಟರಲ್ಲಿ ದ್ವೀಪಕೂಟದ ಕ್ಷಿಪಣಿಗಳು ಗಾಳಿಯಲ್ಲಿದ್ದವು. ಅದರ ಪರದೆಗೆ ಇನ್ನೂ ಕುಂಕುಮ ಅಂಟಿಕೊಂಡಿತ್ತು. ಮುಳ್ಳು ಒಂದೇ ಏಟಿಗೆ ತಳಕ್ಕೆ ಬಿತ್ತು. ಭುಜಂಗ ರಾವ್ ಅದರತ್ತ ಬೆರಳು ತೋರಿಸುತ್ತ, "ನೋಡಿ, ನೋಡಿ, ನಾನು ಹೇಳಲಿಲ್ವಾ" ಎಂದರು. ಅವರು ಹೇಳಿದ್ದು ಏನೆಂದು ಯಾರೂ ಕೇಳಲಿಲ್ಲ. ನಮ್ಮ ಕ್ಷಿಪಣಿಗಳೂ ಹೋದವು.

ಬಂದರಿನಲ್ಲಿ ಸೈರನ್ ಕೂಗಿದಾಗ ಪೂಜೆಗೆ ಸೇರಿದ್ದವರಲ್ಲಿ ಕೆಲವರು ಉಗ್ರಾಣದ ನೆಲಮಾಳಿಗೆಗೆ ಓಡಿ ಬದುಕುಳಿದರು. ಕ್ರೇನಿನ ಏಣಿ ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕದನವಿರಾಮವಾದ ಮೇಲೆ ಎರಡೂ ದೇಶಗಳ ತಜ್ಞರು ಕೂತು ಎರಡೂ ಯಂತ್ರಗಳನ್ನು ಬಿಚ್ಚಿ ನೋಡಿದರು. ಅಲ್ಲಿ ಕಂಡದ್ದು ಇಷ್ಟು: ದ್ವೀಪಕೂಟದ ಯಂತ್ರ ಏಳನೇ ಕ್ರೇನನ್ನು ನೋಡಿತ್ತು. ಅದು ಪೆಟ್ಟಿಗೆ ಎತ್ತಿ ಇಡುವಾಗ ಅವರ ಮುಳ್ಳು ಇಳಿಯುವುದು ನಿಂತಿತ್ತು, ಕೂದಲೆಳೆಯಷ್ಟು ಹಿಂದಕ್ಕೂ ಬಂದಿತ್ತು. ಆಮೇಲೆ ನೌಕೆಗಳ ಎಂಜಿನುಗಳು ಒಟ್ಟಿಗೆ ಬಿಸಿಯಾದವು. ಯಂತ್ರ ತಪ್ಪು ಲೆಕ್ಕ ಹಾಕಿರಲಿಲ್ಲ ಎಂದು ತಜ್ಞರು ಬರೆದರು. ಹಾಕಿದ ಲೆಕ್ಕವೆಲ್ಲ ಸರಿಯಿತ್ತು. ಯುದ್ಧ ಯಾರಿಗೆ ಬೇಕಿತ್ತು ಎಂದು ಅವರು ಎರಡೂ ಕಡೆ ಕೇಳಿದರು. ಯಾರಿಗೂ ಬೇಡವಾಗಿತ್ತು. ನಾಳೆಯ ಯುದ್ಧಕ್ಕಿಂತ ಇಂದಿನದು ಅಗ್ಗ ಎಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಜಲಜಾಕ್ಷಿಯನ್ನು ಜೈಲಿಗೆ ಹಾಕಲಿಲ್ಲ. ಜೈಲು ಇದ್ದದ್ದು ಬಂದರಿನ ಪಕ್ಕದಲ್ಲಿ.

ಗುಲಾಬಿ ಒಂದೇ ಒಂದು ಸಲ ಕೇಳಿದಳು. "ಪೂಜೆ ಮುಗಿಯುವ ಮೊದಲು ಯಂತ್ರ ಮುಟ್ಟುವವ ಅಲ್ಲ ಅವ. ಎಂತಕ್ಕೆ ಹತ್ತಿದ?"

"ನಾನು ಹೇಳಿದೆ ಅಮ್ಮ."

"ನೀನು ಹೇಳಿದ್ರೆ ಕೇಳ್ತಿದ್ದ" ಎಂದಳು ಗುಲಾಬಿ. ಆಮೇಲೆ ಎದ್ದು ಒಲೆಯ ಹತ್ತಿರ ಹೋದಳು. ಆ ದಿನ ಅನ್ನ ಮೂರು ಜನಕ್ಕಾಗುವಷ್ಟು ಆಯಿತು.

ಹೊಸ ತಕ್ಕಡಿಯ ಕೆಲಸ ಶುರುವಾಗಿದೆ. ಎರಡೂ ಕಡೆ. ಹಬ್ಬಗಳನ್ನೆಲ್ಲ ಅದಕ್ಕೆ ಮೊದಲೇ ಕಲಿಸುತ್ತಾರಂತೆ. ಬಿಳಿ ಫೋನಿನಲ್ಲಿ ಈಗ ಗಂಡಸಿನ ಧ್ವನಿ. ಟೀಚರ್ ಹೆಸರು ಜಲಜಾಕ್ಷಿಗೆ ಗೊತ್ತಿರಲಿಲ್ಲ. ಸತ್ತವರಲ್ಲಿ ಅವಳಿದ್ದಾಳೋ ಇಲ್ಲವೋ ಎಂದು ನೋಡಲು ಆಗಲಿಲ್ಲ.

ಬಂದರಿನಲ್ಲಿ ಹೋದವರು ಮೂರು ಸಾವಿರದ ಇನ್ನೂರ ಹದಿನಾಲ್ಕು ಜನ. ದ್ವೀಪಕೂಟದ ಎರಡು ಊರುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು. ಹನ್ನೊಂದು ಕ್ರೇನು, ನಲವತ್ತು ಹಡಗು. ಗುಲಾಬಿಯ ಮನೆಯಲ್ಲಿ ಒಬ್ಬ.